ಅರೆಹೊಲಿದ ಕೌದಿಯನ್ನು ಮುಗಿಸುವ ಬಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬರುವಾಗ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಬಟ್ಟೆಗಂಟು ಕಣ್ಣಿಗೆ ಬೀಳುತ್ತದೆ. ಇದೇನೆಂದು ಕೇಳಿದರೆ, "ಕೌದಿ ಹೊಲಿಯೋಣಾಂತ ಶುರು ಮಾಡಿದ್ದೆ, ಹಂಗೇ ನಿಂತೋಯ್ತು" ಎಂಬ ಉತ್ತರ ಬರುತ್ತದೆ. ಕೆಲವು ಮನೆಗಳಲ್ಲಿ ಇಂಥ ಗಂಟು ಒಂದಲ್ಲ, ಮೂರು ನಾಲ್ಕು ಇರುತ್ತವೆ. ಬಟ್ಟೆಯೂ ಇದೆ, ಸೂಜಿದಾರವೂ ಇದೆ, ಹೊಲಿಯುವ ಕೈಯೂ ಇದೆ. ಆದರೂ ಮಾಗಿಯ ಚಳಿಗೆ ಹೊದೆಯಲು ಕೌದಿ ಮಾತ್ರ ಇಲ್ಲ. ಹೀಗೇಕಾಗುತ್ತದೆ, ಇದಕ್ಕೆ ಪರಿಹಾರವೇನು ಎಂಬುದನ್ನು ಈ ಸಲ ವಿಚಾರ ಮಾಡೋಣ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಬೇಸಗೆಯಲ್ಲಿ ಕನಕಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಟು ಮಂದಿ ತಾಯಂದಿರು ಕೂಡಿ ಕೌದಿ ಹೊಲಿಯಲು ಮುಂದಾದರು. "ಎಲ್ಲರ ಕೌದಿಯೂ ಒಟ್ಟಿಗೇ ಏಳಲಿ" ಎಂದು ನಾನು ಸಲಹೆ ಕೊಟ್ಟೆ. ಒಂದೇ ದಿನ ಎಂಟು ಕೌದಿಗೆ ಬಟ್ಟೆ ಕತ್ತರಿಸಿದೆವು. ದಿನಕ್ಕಿಷ್ಟು ಎಂದು ಎಲ್ಲದಕ್ಕೂ ನಾಲ್ಕು ನಾಲ್ಕು ಸಾಲು ಹಾಕುತ್ತ ಹೋದೆವು. ಅಷ್ಟರಲ್ಲಿ ಹುಳುವಿನ ಬೆಳೆ ಬಂತು. ಅದು ಮುಗಿಯುವ ಹೊತ್ತಿಗೆ ಮಳೆ ಬಿದ್ದು ರಾಗಿ ಬಿತ್ತನೆ ಬಂತು. ದೀಪಾವಳಿಯ ಹೊತ್ತಿಗೆ ಮುಗಿದಿದ್ದವು ಎರಡೇ ಕೌದಿ. ಉಳಿದ ಆರರಲ್ಲಿ ಒಂದಕ್ಕೆ ಇಲಿ ಬಿದ್ದಿತ್ತು. ಇನ್ನೊಂದನ್ನು ಹುಳುಮನೆಯ ಮೂಲೆಯಲ್ಲಿ ಇಟ್ಟಿದ್ದರು. ಮನೆಗೆ ಬ್ಲೀಚಿಂಗ್ ಪುಡಿಯ ನೀರು ಹೊಡೆದಾಗ ಅದರ ಮೇಲೂ ಬಿದ್ದು ಬಣ್ಣ ಹೋಗಿ, ಬಟ್ಟೆ ಮುಟ್ಟಿದಲ್ಲೇ ಪಿಸಿಯುತ್ತಿತ್ತು. ಅದು ಒಬ್ಬ ಅಜ್ಜಿ ತಮ್ಮ ತಾಯಿಯ ಸೀರೆಗಳಿಂದ ಹೊಲಿಯಲು ತೊಡಗಿದ್ದ ಕೌದಿ. "ಹೋಗ್ಲಿ ಬುಡು ಮಗ, ಬಟ್ಟೆ ತಾನೆ" ಎಂದು ಅವರು ನನಗೇ ಸಮಾಧಾನ ಹೇಳಿದರು. ತಪ್ಪು ಹೊಲಿದವರದಲ್ಲ, ಲೆಕ್ಕ ಹಾಕದೆ ಸಲಹೆ ಕೊಟ್ಟ ನನ್ನದು.

ಲೆಕ್ಕವೇನು?

ಸುಮಾರು 18 ಅಡಿ ಉದ್ದದ ಒಂದು ಸೀರೆಯನ್ನು ಮೂರು ತುಂಡು ಮಾಡಿದರೆ, ತಲಾ 6 ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲದ ಮೂರು ಪದರ ಸಿಗುತ್ತದೆ. ಎರಡು ಸೀರೆಗೆ ಆರು ಪದರ. ಒಬ್ಬರು ಹೊದೆಯುವ ಕೌದಿಗೆ ಇಷ್ಟು ಸಾಕು. ಬೆರಳಗಲಕ್ಕೆ, ಎಂದರೆ ಮುಕ್ಕಾಲು ಅಂಗುಲಕ್ಕೆ ಒಂದರಂತೆ ಉದ್ದುದ್ದ ಸಾಲು ಹಾಕಿದರೆ ಒಟ್ಟು 60 ಸಾಲು. ಅಭ್ಯಾಸವಾದ ಕೈಗೆ ಒಂದು ಸಾಲಿಗೆ ಸುಮಾರು ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಅಲ್ಲಿಗೆ ಒಂದು ಕೌದಿಗೆ 30 ಗಂಟೆಯ ಕೆಲಸ. ದಿನಕ್ಕೆ ಒಂದು ಗಂಟೆ ಬಿಡುವಾದರೆ 30 ದಿನ.

ಈಗ ಒಬ್ಬಾಕೆ ನಾಲ್ಕು ಕೌದಿ ಹೊಲಿಯಬೇಕಾಗಿದೆ ಎನ್ನೋಣ. ಒಂದಾದ ಮೇಲೆ ಒಂದರಂತೆ ಹೊಲಿದರೆ 30ನೆಯ ದಿನ ಒಂದು, 60ನೆಯ ದಿನ ಇನ್ನೊಂದು, 90ನೆಯ ದಿನ ಮೂರನೆಯದು, 120ನೆಯ ದಿನ ನಾಲ್ಕನೆಯದು ಮುಗಿಯುತ್ತದೆ. ನಾಲ್ಕಕ್ಕೂ ಸರದಿಯ ಮೇಲೆ ಸಾಲು ಹಾಕುತ್ತ ಹೋದರೂ 120 ದಿನವೇ. ಆದರೆ ಕೊನೆಯ ನಾಲ್ಕೈದು ದಿನದ ತನಕ ಒಂದೂ ಮುಗಿದಿರುವುದಿಲ್ಲ. ನಡುವೆ 100ನೆಯ ದಿನ ಕೆಲಸ ನಿಂತುಹೋದರೆ? ಮೊದಲನೆಯ ಕ್ರಮದಲ್ಲಿ ಮೂರು ಕೌದಿ ಕೈಗೆ ಬಂದಿದ್ದು, ನಾಲ್ಕನೆಯದು 20 ಸಾಲು ಆಗಿರುತ್ತದೆ. ಎರಡನೆಯ ಕ್ರಮದಲ್ಲಿ ನಾಲ್ಕೂ ಐವತ್ತೈವತ್ತು ಸಾಲಿಗೆ ನಿಂತಿದ್ದು, ಹೊದೆಯಲು ಒಂದೂ ಇರುವುದಿಲ್ಲ. ಹೊಲಿದ ಗಂಟೆ ಎರಡರಲ್ಲೂ ಅಷ್ಟೇ. ರೈತರ ಮನೆಯಲ್ಲಿ ಕೆಲಸ ನಡುವೆ ನಿಲ್ಲದೆ ಇರುವುದುಂಟೆ? ಆದುದರಿಂದ ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದೇ ಲೇಸು.

ಇರುವ ಗಂಟುಗಳನ್ನು ಬಿಚ್ಚಿ ನೋಡಿ

ಬಿಸಿಲಿರುವ ಒಂದು ದಿನ ಮನೆಯಲ್ಲಿರುವ ಗಂಟುಗಳನ್ನೆಲ್ಲ ಹೊರಗೆ ತಂದು ಬಿಚ್ಚಿ, ಮೂರು ಪಾಲು ಮಾಡಿರಿ.

ಮೊದಲನೆಯದು, ಅರ್ಧಕ್ಕಿಂತ ಹೆಚ್ಚು ಹೊಲಿದವು. ಇವುಗಳಲ್ಲಿ ಯಾವುದಕ್ಕೆ ಉಳಿದ ಸಾಲು ಕಡಮೆಯೋ ಅದನ್ನು ಮೊದಲು ಎತ್ತಿಕೊಳ್ಳಿರಿ. ಮನೆಯಲ್ಲಿ ಬಾಣಂತನವಿದ್ದರೆ, ಚಳಿ ಹತ್ತಿರ ಬಂದಿದ್ದರೆ, ಅದಕ್ಕೆ ಬೇಕಾದ ಕೌದಿಯೇ ಮೊದಲು.

ಎರಡನೆಯದು, ಬಟ್ಟೆ ಕತ್ತರಿಸಿ ಹೊಲಿಯದೆ ಬಿಟ್ಟವು. ಇವನ್ನು ಕಟ್ಟಿಡಿ. ಮೊದಲ ಪಾಲು ಮುಗಿಯುವ ತನಕ ಮುಟ್ಟಬೇಡಿ.

ಮೂರನೆಯದು, ಮುಗಿಯಲಾರದವು. ಬಟ್ಟೆ ಜೀರ್ಣವಾಗಿರಬಹುದು, ಅಳತೆ ತಪ್ಪಿರಬಹುದು, ಮನಸ್ಸೇ ಇಲ್ಲದಿರಬಹುದು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಗಟ್ಟಿಯಿರುವ ಭಾಗವನ್ನು ಕತ್ತರಿಸಿ ಅಂಚು ಮಡಿಸಿದರೆ ಮಗುವಿಗೆ ಹಾಸಾಗುತ್ತದೆ. ಉಳಿದುದನ್ನು ಬೇರೆ ಕೌದಿಯ ಒಳಪದರಕ್ಕೆ ಸೇರಿಸಬಹುದು, ಇಲ್ಲವೆ ಹೊಲಿಯುವವರಿಗೆ ಕೊಟ್ಟುಬಿಡಬಹುದು.

ಗುಂಡಿ ಹಾಕುವುದು, ರವಿಕೆಯ ಅಂಚು, ಹರಿದ ಚೀಲ ಇಂಥ ಚಿಲ್ಲರೆ ಹೊಲಿಗೆಯನ್ನು ಕೌದಿಯ ಗಂಟಿಗೆ ಸೇರಿಸಬಾರದು. ಅದಕ್ಕೆ ಬೇರೆ ಡಬ್ಬಿಯಿರಲಿ. ಕೌದಿ ಹೊಲಿದು ಬೇಸರವಾದಾಗ ಅದು ಕೈಗೆ ಬದಲಾವಣೆಯೂ ಆಗುತ್ತದೆ.

ಮನೆಯಲ್ಲಿ ಒಂದು ಜಾಗ

ಹೊಲಿಗೆಗೆಂದೇ ಕೋಣೆ ಬೇಕಾಗಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಜಗುಲಿಯಲ್ಲೋ ಪಡಸಾಲೆಯಲ್ಲೋ 7 ಅಡಿ ಉದ್ದ 5 ಅಡಿ ಅಗಲದ ನೆಲ ಸಾಕು. ಬೆಳಕು ಎಡಗಡೆಯಿಂದ ಬರುವಂತೆ ಕುಳಿತರೆ ಬಲಗೈಯ ನೆರಳು ಸೂಜಿಯ ಮೇಲೆ ಬೀಳುವುದಿಲ್ಲ. ಒಲೆಯ ಹೊಗೆ, ಕೊಟ್ಟಿಗೆಯ ತೇವ ಈ ಜಾಗಕ್ಕೆ ತಾಕಬಾರದು.

ಮುಖ್ಯವಾದುದು, ಹೊಲಿಗೆ ಯಾವಾಗಲೂ ಅದೇ ಜಾಗದಲ್ಲಿ ಇರಬೇಕು. ಬಿಡುವು ಸಿಗುವುದು ಅರ್ಧ ಗಂಟೆ. ಅದರಲ್ಲಿ ಕಾಲು ಗಂಟೆ ಕತ್ತರಿ ಹುಡುಕುವುದರಲ್ಲೇ ಹೋದರೆ ಸಾಲು ಮುಗಿಯುವುದೆಂತು?

ಅರೆಹೊಲಿದ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಒಳಗೆ ತೇವ ನಿಂತು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹತ್ತಿಯ ಬಟ್ಟೆಯಲ್ಲಿ ಕಟ್ಟಿ, ಹಿಂದೆ ಬೆಣ್ಣೆ ಗಡಿಗೆಗೆ ಕಟ್ಟುತ್ತಿದ್ದ ನೆಲುವಿನಂತೆ ತೊಲೆಯಿಂದ ಇಳಿಬಿಡಿ. ಗೋಡೆಯಿಂದ ಎರಡು ಮೊಳ ದೂರವಿರಲಿ. ಹಗ್ಗದ ನಡುವೆ ತೆಂಗಿನ ಚಿಪ್ಪೊಂದನ್ನು ಬೋರಲಾಗಿ ಪೋಣಿಸಿದರೆ ಇಲಿ ಇಳಿಯುವುದು ಕಷ್ಟ. ಗಂಜಿ ಹಾಕಿದ ಸೀರೆಯಾದರೆ ಗಂಜಿ ಪೂರ್ತಿ ಹೋಗುವಂತೆ ಒಗೆದು ಒಣಗಿಸಿಯೇ ಕತ್ತರಿಸಬೇಕು. ಬಟ್ಟೆಯಲ್ಲಿ ಉಳಿದ ಗಂಜಿ ಜಿರಲೆಗೆ ಆಹಾರ.

ಪ್ರತಿ ಗಂಟಿಗೂ ಒಂದು ಚೀಟಿ ಕಟ್ಟಿರಿ: ಯಾರಿಗಾಗಿ ಹೊಲಿಯುತ್ತಿರುವುದು, ಎಷ್ಟು ಸಾಲಾಗಿದೆ, ಯಾವ ಬಣ್ಣದ ದಾರ. ಓದುಬರಹ ಬಾರದವರು ಹತ್ತು ಸಾಲಿಗೆ ಒಂದರಂತೆ ದಾರಕ್ಕೆ ಗಂಟು ಹಾಕಿ ಕಟ್ಟಬಹುದು. ಆರು ಗಂಟಾದರೆ ಕೌದಿ ಮುಗಿಯಿತು.

ಸೂಜಿಯ ಲೆಕ್ಕ

ಸೂಜಿಯನ್ನು ಬಟ್ಟೆಗೆ ಚುಚ್ಚಿ ಗಂಟು ಕಟ್ಟಬೇಡಿ. ತುಕ್ಕು ಹಿಡಿದು ಕಲೆಯಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಸೂಜಿ ಬಿದ್ದು ಮೇವಿನಲ್ಲಿ ಸೇರುವುದು. ಹಸು ಮೇವನ್ನು ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ನುಂಗುವಾಗ ಸೂಜಿ ಇರುವುದು ಅದಕ್ಕೆ ತಿಳಿಯುವುದಿಲ್ಲ. ಒಳಗೆ ಹೋದ ಸೂಜಿ ಹೊಟ್ಟೆಯನ್ನು ಚುಚ್ಚಿ ಗುಂಡಿಗೆಯ ತನಕ ಹೋಗಿ ಹಸು ಸಾಯುವುದುಂಟು. ಕುಳಿತಾಗ ಎಷ್ಟು ಸೂಜಿ ತೆಗೆದಿರೋ ಏಳುವಾಗ ಅಷ್ಟನ್ನೂ ಎಣಿಸಿಡಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕುಂಕುಮ ಭರಣಿ ಇದ್ದರೆ ಸೂಜಿಗೆ ಅದಕ್ಕಿಂತ ಒಳ್ಳೆಯ ಡಬ್ಬಿ ಬೇಡ.

ಹುಳುವಿನ ಪಂಚಾಂಗ ನೋಡಿ ಹೊಲಿಯಿರಿ

ರೇಷ್ಮೆ ಸಾಕುವ ಮನೆಯಲ್ಲಿ ಹೊಲಿಗೆಯ ದಿನಗಳನ್ನು ಗೊತ್ತು ಮಾಡುವುದು ಹುಳುವೇ. ಎರಡನೆಯ ಜ್ವರ ಎದ್ದ ಚಾಕಿ ಹುಳುವನ್ನು ಮನೆಗೆ ತಂದ ಮೇಲೆ ಮೊದಲ ಕೆಲವು ದಿನ ಸೊಪ್ಪಿನ ಕೆಲಸ ಹಗುರವಾಗಿರುತ್ತದೆ. ಆಗ ದಿನಕ್ಕೆ ಒಂದೆರಡು ಸಾಲು ಹಾಕಬಹುದು. ಹುಳು ಜ್ವರಕ್ಕೆ ಕುಳಿತು ಸೊಪ್ಪು ನಿಲ್ಲಿಸಿದಾಗಲೂ ಸ್ವಲ್ಪ ಬಿಡುವುಂಟು. ಆದರೆ ನಾಲ್ಕನೆಯ ಜ್ವರ ಎದ್ದ ಮೇಲೆ ಬರುವ ಏಳೆಂಟು ದಿನ ಸೂಜಿಯನ್ನು ಮರೆತುಬಿಡಿ. ಇಡೀ ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನಲ್ಲಿ ಸುಮಾರು ಶೇಕಡ 80 ಭಾಗ ಈ ದಿನಗಳಲ್ಲೇ ಖರ್ಚಾಗುತ್ತದೆ. ಹುಳು ಹಣ್ಣಾಗುವ ಮುಂಚೆಯೇ ಕೌದಿಯನ್ನು ಕಟ್ಟಿಟ್ಟು ಚೀಟಿ ಬರೆದಿಡಿ. ಗೂಡು ಮಾರಿ ಬಂದು, ಮುಂದಿನ ಚಾಕಿ ತರುವ ತನಕ ಸಿಗುವ ದಿನಗಳು ಮುಗಿಸುವುದಕ್ಕೆ ತಕ್ಕವು. ಹೊಸದನ್ನು ಕತ್ತರಿಸುವುದಕ್ಕಲ್ಲ!

ಹುಳುವಿಲ್ಲದ ಮನೆಗಳಲ್ಲಿ ರಾಗಿಯ ಕಾಲಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಿ. ಕಳೆ ಕಿತ್ತಾದ ಮೇಲೆ ಕೊಯ್ಲಿನ ತನಕ ಮಧ್ಯಾಹ್ನ ಸ್ವಲ್ಪ ಹೊತ್ತು ಸಿಗುತ್ತದೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲಿನ ಒಂದು ಗಂಟೆಯೂ ಆದೀತು.

ಒಂದು ಎಚ್ಚರಿಕೆ. ಹುಳುಮನೆಯಲ್ಲಿ ಕೌದಿಯನ್ನು ಇಡಲೇಬಾರದು. ಬ್ಲೀಚಿಂಗ್ ಪುಡಿ ಬಟ್ಟೆಯನ್ನು ಕೆಡಿಸುವುದು ಒಂದು ಕಡೆ. ಬಟ್ಟೆಗೆ ಹಾಕುವ ನುಸಿಗುಳಿಗೆ, ಹೊಗೆಸೊಪ್ಪು ಹುಳುವನ್ನು ಕೆಡಿಸುವುದು ಇನ್ನೊಂದು ಕಡೆ. ಹೊಲಿಯುವಾಗ ಹಚ್ಚುವ ಸೊಳ್ಳೆಬತ್ತಿಯ ಹೊಗೆಯೂ ರೇಷ್ಮೆಹುಳುವಿಗೆ ವಿಷವೇ. ಹೊಲಿಗೆಯಿಂದ ಎದ್ದು ಹುಳುಮನೆಗೆ ಹೋಗುವ ಮೊದಲು ಕೈ ತೊಳೆಯುವುದನ್ನು ಮರೆಯಬೇಡಿ.

ಸಿದ್ದಿ ಸೋದರಿಯರ ಕ್ರಮ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸೋದರಿಯರು ಹೊಲಿಯುವ ಕೌದಿಗಳು ಹೊರದೇಶದ ಪ್ರದರ್ಶನಗಳಿಗೂ ಹೋಗಿವೆ. ಅವರು ಹೊಲಿಗೆಯನ್ನು ಅಂಚಿನಿಂದ ತೊಡಗಿ, ಸುತ್ತ ಬರುತ್ತ ಬರುತ್ತ ನಡುವಿಗೆ ಮುಗಿಸುತ್ತಾರೆ. ತುಂಡುಬಟ್ಟೆಗಳನ್ನು ಮಡಿಸಿ ಮಡಿಸಿ ಸೇರಿಸುತ್ತ ಹೋಗುತ್ತಾರೆ. ಚೌಕಟ್ಟು ಬೇಡ, ಮಂಚ ಬೇಡ, ನೆಲವೇ ಸಾಕು. ನಮಗೆ ಇದರಲ್ಲಿ ಒಂದು ಅನುಕೂಲವುಂಟು. ಅಂಚು ಮೊದಲೇ ಗಟ್ಟಿಯಾಗಿರುವುದರಿಂದ ಕೆಲಸ ಯಾವ ಸುತ್ತಿನಲ್ಲಿ ನಿಂತರೂ ಮಡಿಸಿ ಎತ್ತಿಡಬಹುದು, ಅಂಚಿನ ಪದರ ಜಾರುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಮೂರು ಮೂಲೆಯ ಬಟ್ಟೆತುಂಡುಗಳ ಹೂವನ್ನು ಹೊಲಿಯುತ್ತಾರೆ. ಆ ಹೂವಿಲ್ಲದ ಕೌದಿ ಬೆತ್ತಲೆಯೆಂದು ಅವರ ಭಾವನೆ. ಕೌದಿಯನ್ನು ಪೂರ್ತಿ ಮುಗಿಸದೆ ಬಿಡಬಾರದೆಂಬ ಬುದ್ಧಿಯನ್ನು ನಾವೂ ಇದರಿಂದ ಕಲಿಯಬಹುದು.

ಮುಯ್ಯಾಳಿನಂತೆ ಹೊಲಿಗೆ

ಒಬ್ಬರಿಗೆ 30 ಗಂಟೆಯಾಗುವ ಕೆಲಸವನ್ನು ನಾಲ್ವರು ಒಂದೇ ಕೌದಿಯ ಸುತ್ತ ಕುಳಿತು ಮಾಡಿದರೆ ಏಳೂವರೆ ಗಂಟೆ ಸಾಕು. ಮಧ್ಯಾಹ್ನ ಎರಡೆರಡು ಗಂಟೆಯಂತೆ ನಾಲ್ಕು ದಿನ. ನಾಟಿಗೂ ಕೊಯ್ಲಿಗೂ ಮುಯ್ಯಾಳು ಮಾಡುವ ನಮಗೆ ಇದು ಹೊಸದೇನಲ್ಲ. ಈ ವಾರ ನಿಮ್ಮ ಮನೆಯ ಕೌದಿ, ಮುಂದಿನ ವಾರ ನಮ್ಮ ಮನೆಯದು. ಮಾತಿಗೆ ಮಾತೂ ಆಯಿತು, ಕೌದಿಗೆ ಕೌದಿಯೂ ಆಯಿತು.

ಆ ಎಂಟು ಮಂದಿ ತಾಯಂದಿರು ಮರುವರ್ಷ ಮಾಡಿದ್ದು ಇದನ್ನೇ. ನಾಲ್ವರಂತೆ ಎರಡು ಗುಂಪಾಗಿ, ಗುಂಪಿಗೆ ಒಂದೇ ಕೌದಿಯಂತೆ ಹಿಡಿದರು. ಎಲ್ಲಕ್ಕಿಂತ ಮೊದಲು ಎತ್ತಿಕೊಂಡದ್ದು ಆ ಅಜ್ಜಿಯ ಕೌದಿಯನ್ನು. ಬ್ಲೀಚಿಂಗ್ ನೀರು ತಾಕಿದ ಅರ್ಧವನ್ನು ಕತ್ತರಿಸಿ ಬಿಟ್ಟು, ಗಟ್ಟಿಯಿದ್ದ ಅರ್ಧಕ್ಕೆ ಹೊಸ ಅಂಚು ಕೊಟ್ಟು, ನಾಲ್ಕು ಮಧ್ಯಾಹ್ನಕ್ಕೆ ಮೊದಲೇ ಮುಗಿಸಿದರು. ಈಗ ಅದರಲ್ಲಿ ಅಜ್ಜಿಯ ಮೊಮ್ಮಗಳ ಕೂಸು ಮಲಗುತ್ತದೆ. ಉಳಿದರ್ಧ ಹೋಯಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಆದುದರಿಂದ ಸೋದರಿಯರೇ, ಹೊಸ ಸೀರೆಗೆ ಕತ್ತರಿ ಹಾಕುವ ಮುನ್ನ ಅಟ್ಟದ ಗಂಟನ್ನು ಇಳಿಸಿ ಸಾಲುಗಳನ್ನು ಎಣಿಸಿರಿ. ಅರವತ್ತರಲ್ಲಿ ನಲವತ್ತಾಗಿದ್ದರೆ ಉಳಿದಿರುವುದು ಇಪ್ಪತ್ತೇ. ದಿನಕ್ಕೆ ಎರಡು ಸಾಲಿನಂತೆ ಹತ್ತು ದಿನದ ಕೆಲಸ. ನಾಳೆ ಬೆಳಗ್ಗೆ ಮೊದಲನೆಯ ಸಾಲು ಹಾಕಿರಿ.