ಮೊಬೈಲ್ ಹಾಗೂ ಇ-ಮೇಲ್‌ನಲ್ಲಿ ಅನಗತ್ಯ ಸಂದೇಶಗಳ ನಿಯಂತ್ರಣ: ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಮಾಹಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ರಾಜ್ಯದ ಮಧ್ಯ ಒಣವಲಯಕ್ಕೆ ಸೇರಿವೆ. ಮುಂಗಾರು ಈರುಳ್ಳಿಯನ್ನು ಕಿತ್ತು ಹೊಲದಲ್ಲಿಯೇ ಒಣಗಲು ಹರಡಿದ ಸಮಯದಲ್ಲಿ ಮಳೆಯ ಮುನ್ಸೂಚನೆ ಒಂದು ದಿನ ಮೊದಲೇ ಕಣ್ಣಿಗೆ ಬಿದ್ದರೆ ಗೆಡ್ಡೆಗಳನ್ನು ರಾಶಿ ಮಾಡಿ ಮುಚ್ಚಿ ಉಳಿಸಿಕೊಳ್ಳಬಹುದು. ಹವಾಮಾನ ಆಧಾರಿತ ಕೃಷಿ ಸಲಹೆಗಳು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತವೆ. ಸಾಲದ ಆಮಿಷ, ಬಹುಮಾನದ ಸುಳ್ಳು, ಜಾಹೀರಾತುಗಳ ರಾಶಿಯಡಿ ಅವು ಹೂತುಹೋದರೆ ಸಲಹೆ ಹೊರಟೂ ಹೊರಡದಂತೆಯೇ. ಬೆಳೆ ವಿಮೆಯ ಮಾತೂ ಹೀಗೆಯೇ: ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು.

ಇ-ಮೇಲ್ ಸೇವೆಗಳಲ್ಲಿ ಅನಗತ್ಯ ಪತ್ರಗಳನ್ನು ಬೇರ್ಪಡಿಸಿ 'ಸ್ಪ್ಯಾಮ್' ಕಡತಕ್ಕೆ ತಳ್ಳುವ ವ್ಯವಸ್ಥೆ ಮೊದಲೇ ಇರುತ್ತದೆ. ಪತ್ರದ ಪದಗಳು, ಕಳುಹಿಸಿದ ವಿಳಾಸ, ಅದೇ ಪತ್ರವನ್ನು ಇತರರು ದೂರಿರುವರೇ ಎಂಬುದನ್ನೆಲ್ಲ ತೂಗಿ ಅದು ನಿರ್ಧರಿಸುತ್ತದೆ. ಕಣದಲ್ಲಿ ರಾಗಿ ತೂರುವಾಗ ಗಾಳಿ ಜೋರಾದರೆ ಹೊಟ್ಟಿನೊಂದಿಗೆ ಕಾಳೂ ಹಾರಿಹೋಗುತ್ತದೆ; ಗಾಳಿ ಸಾಲದಿದ್ದರೆ ಹೊಟ್ಟು ಕಾಳಿನಲ್ಲಿಯೇ ಉಳಿಯುತ್ತದೆ. ಈ ಜರಡಿಯಲ್ಲಿಯೂ ಎರಡೂ ಬಗೆಯ ತಪ್ಪುಗಳು ತಪ್ಪಿದ್ದಲ್ಲ. ಜಿಮೇಲ್‌ನಲ್ಲಿ ಸ್ಪ್ಯಾಮ್ ಕಡತದ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುವುದರಿಂದ ವಾರಕ್ಕೊಮ್ಮೆ ಅದನ್ನು ತೆರೆದು ನೋಡುವುದು ಸೂಕ್ತ. ಬೇಕಾದ ಪತ್ರ ಅಲ್ಲಿ ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಎಂದು ಗುರುತಿಸಬೇಕು.

'ಬ್ಲಾಕ್' ಮತ್ತು 'ರಿಪೋರ್ಟ್ ಸ್ಪ್ಯಾಮ್' ಒಂದೇ ಅಲ್ಲ. ಬ್ಲಾಕ್ ಮಾಡಿದರೆ ಆ ಒಂದು ವಿಳಾಸದ ಮುಂದಿನ ಪತ್ರಗಳು ಸ್ಪ್ಯಾಮ್ ಕಡತಕ್ಕೆ ಹೋಗುತ್ತವೆ, ಅಷ್ಟೇ. ಬೆಂಬಿಡದ ವ್ಯಾಪಾರಿಗೆ ಇದು ಸಾಕು. ವಂಚಕನಾದರೋ ದಿನಕ್ಕೊಂದು ವಿಳಾಸ ಬದಲಿಸುತ್ತಾನೆ. ಅವನನ್ನು ಬ್ಲಾಕ್ ಮಾಡುವುದು ಒಂದು ಕಳೆಯ ತಲೆ ಚಿವುಟಿದಂತೆ. ರಿಪೋರ್ಟ್ ಮಾಡಿದಾಗ ಅಂತಹ ಪತ್ರಗಳ ಲಕ್ಷಣ ಜರಡಿಗೆ ತಿಳಿಯುತ್ತದೆ. ಆದ್ದರಿಂದ ವಂಚನೆಯ ಪತ್ರವನ್ನು ಅಳಿಸಿ ಸುಮ್ಮನಾಗುವ ಬದಲು ರಿಪೋರ್ಟ್ ಮಾಡುವುದೇ ಲೇಸು.

ರೈತ ಉತ್ಪಾದಕ ಸಂಸ್ಥೆಗಳವರು ಕೃಷಿ ವಿಜ್ಞಾನ ಕೇಂದ್ರ, ಬ್ಯಾಂಕ್, ವಿಮಾ ಕಂಪನಿ ಮತ್ತು ಖರೀದಿದಾರರ ವಿಳಾಸಗಳಿಗೆ 'ಎಂದಿಗೂ ಸ್ಪ್ಯಾಮ್‌ಗೆ ಕಳುಹಿಸಬೇಡ' ಎಂಬ ಫಿಲ್ಟರ್ ರಚಿಸಿಕೊಳ್ಳಬೇಕು. ಇದು ಜಿಮೇಲ್‌ನ ಮೊಬೈಲ್ ಆ್ಯಪ್‌ನಲ್ಲಿ ಆಗುವುದಿಲ್ಲ, ಕಂಪ್ಯೂಟರ್‌ನಲ್ಲಿ ಮಾಡಬೇಕು. ಪೂರ್ಣ ವಿಳಾಸವನ್ನೇ ನಮೂದಿಸಬೇಕು. 'ಬ್ಯಾಂಕ್' ಎಂಬ ಪದವನ್ನಷ್ಟೇ ಕೊಟ್ಟರೆ ಆ ಪದ ಬಳಸುವ ಕಳ್ಳನಿಗೂ ಬಾಗಿಲು ತೆರೆದಂತೆ. ಅನೇಕ ರೈತರ ಇ-ಮೇಲ್ ಖಾತೆಯನ್ನು ಮೊಬೈಲ್ ಕೊಂಡ ಅಂಗಡಿಯಲ್ಲಿಯೇ ತೆರೆದುಕೊಟ್ಟಿರುತ್ತಾರೆ, ಪಾಸ್‌ವರ್ಡ್ ಮಾಲೀಕರಿಗೇ ಗೊತ್ತಿರುವುದಿಲ್ಲ. ಅಂತಹವರು ಮೊದಲು ಅದನ್ನು ಬದಲಿಸಿಕೊಳ್ಳಬೇಕು.

ಮೊಬೈಲ್‌ನ ಎಸ್‌ಎಂಎಸ್‌ಗಳಲ್ಲಿ ಕಳುಹಿಸಿದವರ ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಿರಿ. ಇಂಗ್ಲಿಷಿನ 'ಜಿ' ಇದ್ದರೆ ಸರ್ಕಾರಿ, 'ಟಿ' ಇದ್ದರೆ ವಹಿವಾಟಿನ, 'ಎಸ್' ಇದ್ದರೆ ಸೇವೆಯ, 'ಪಿ' ಇದ್ದರೆ ಜಾಹೀರಾತಿನ ಸಂದೇಶ. ಸರ್ಕಾರದ ಅಥವಾ ಬ್ಯಾಂಕಿನ ಹೆಸರು ಹೇಳಿ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ಬಂದ ಸಂದೇಶವನ್ನು ನಂಬಬಾರದು. 1909ಕ್ಕೆ ಕರೆ ಮಾಡಿ ಜಾಹೀರಾತುಗಳನ್ನು ತಡೆಯಬಹುದು. ಇದರಿಂದ ಬ್ಯಾಂಕಿನ ಜಮಾ-ಖರ್ಚಿನ ಸಂದೇಶಗಳು ನಿಲ್ಲುವುದಿಲ್ಲ.

ಹೆಚ್ಚಿನ ಹಾನಿ ಇಂದು ಬರುತ್ತಿರುವುದು ವಾಟ್ಸ್‌ಆ್ಯಪ್‌ನ ದಾರಿಯಿಂದ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಜಮೆಯಾಗುತ್ತದೆ. ಕಂತಿನ ಸಮಯ ನೋಡಿಕೊಂಡು ಯೋಜನೆಯ ಹೆಸರಿನ 'ಎಪಿಕೆ' ಕಡತವೊಂದನ್ನು ಗುಂಪುಗಳಿಗೆ ಹರಿಯಬಿಡುತ್ತಾರೆ. ಅದನ್ನು ಸ್ಥಾಪಿಸಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಬ್ಯಾಂಕಿನ ಒಟಿಪಿ ಸಂದೇಶಗಳು ವಂಚಕನ ಕೈಸೇರುತ್ತವೆ. ರೈತರು ಯಾರಿಗೂ ಒಟಿಪಿ ಹೇಳದಿದ್ದರೂ ಎರಡು ಸಾವಿರದ ಆಸೆಯಲ್ಲಿ ಖಾತೆಯೇ ಬರಿದಾಗುವುದು ಹೀಗೆ. ಇಂತಹ ಕಡತವನ್ನು ಕಳುಹಿಸಿದವರು ಪರಿಚಿತರೇ ಆಗಿರಬಹುದು, ಅವರ ಫೋನ್ ಈಗಾಗಲೇ ವಂಚಕರ ವಶವಾಗಿರುವ ಸಂಭವವಿದೆ. ಆದುದರಿಂದ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದಲ್ಲದೆ ಬೇರೆಡೆಯಿಂದ ಸ್ಥಾಪಿಸಬಾರದು. ಇ-ಕೆವೈಸಿ ಮಾಡಿಸಲು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬಹುದು. ಸಂದೇಹವಿದ್ದರೆ ಯೋಜನೆಯ ಸಹಾಯವಾಣಿ 155261ರಲ್ಲಿ ವಿಚಾರಿಸಬಹುದು.

ವಿಸ್ತರಣಾ ಕಾರ್ಯಕರ್ತರು ತಾವು ನಡೆಸುವ ರೈತರ ಗುಂಪುಗಳಲ್ಲಿ 'ಅಡ್ಮಿನ್ ಮಾತ್ರ' ಸಂದೇಶ ಹಾಕುವಂತೆ ವ್ಯವಸ್ಥೆ ಮಾಡುವುದು ಒಳಿತು. ರೈತರ ಪ್ರಶ್ನೆಗಳಿಗೆ ಬೇರೊಂದು ಗುಂಪು ಇರಲಿ. ಶುಭೋದಯದ ಚಿತ್ರಗಳ ನಡುವೆ ರೋಗಬಾಧೆಯ ಎಚ್ಚರಿಕೆ ಯಾರಿಗೂ ಕಾಣದು.

ಹಣ ಹೋದದ್ದು ತಿಳಿದ ಕೂಡಲೇ ಫೋನಿನ ಇಂಟರ್ನೆಟ್ ನಿಲ್ಲಿಸಿ, ಬೇರೆ ಫೋನಿನಿಂದ 1930ಕ್ಕೆ ಹಾಗೂ ಬ್ಯಾಂಕಿಗೆ ತಿಳಿಸಬೇಕು. ಹಣ ವಂಚಕನ ಒಂದು ಖಾತೆಯಿಂದ ಮತ್ತೊಂದಕ್ಕೆ ಹರಿಯುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕರ ಅಜಾಗರೂಕತೆಯಿಂದಲೇ ವಂಚನೆಯಾಗಿದ್ದರೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕಳೆಯುವವರಿದ್ದಾರೆ. ಆ ಎರಡು ದಿನಗಳ ನಷ್ಟವನ್ನು ಅವರೇ ಹೊರಬೇಕಾಗುತ್ತದೆ. ದೂರು ಕೊಟ್ಟಾಗ ಸಿಗುವ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು, ವಂಚನೆಯ ಸಂದೇಶವನ್ನು ಅಳಿಸಬಾರದು.