ತಾಯಿಕುರಿಯ ಹಾಲು

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯು ಮಲೆನಾಡಿನ ಸೆರಗಿಗೂ ಬಯಲುನಾಡಿನ ಅಂಚಿಗೂ ನಡುವೆ ಇರುವ ಪ್ರದೇಶ. ಇಲ್ಲಿ ಕುಮುದ್ವತಿ ನದಿ ಹರಿಯುತ್ತದೆ. ಜನಪದರು ಹಾಡಿ ಹೊಗಳಿದ ಮದಗದ ಕೆರೆಯೂ ಇದೆ. ಆದರೂ ಇಲ್ಲಿನ ಎಷ್ಟೋ ಹೊಲಗಳು ಮಳೆಯನ್ನೇ ನಂಬಿವೆ. ಮುಂಗಾರು ಕೈಕೊಟ್ಟ ವರ್ಷ ಬೆಳೆ ಒಣಗುತ್ತದೆ. ಅಂಥ ಕಾಲದಲ್ಲಿ ಸಣ್ಣ ರೈತನ ಸಂಸಾರಕ್ಕೆ ಆಸರೆಯಾಗುವುದು ಅವನ ಹಟ್ಟಿಯಲ್ಲಿರುವ ಹತ್ತಾರು ಕುರಿಗಳು.

ಕುರಿಯ ಉಪಕಾರ ಒಂದೆರಡಲ್ಲ. ಉತ್ತರ ಕರ್ನಾಟಕದ ಒಣನೆಲಕ್ಕೆ ಹೊಂದಿಕೊಂಡ ಡೆಕ್ಕನಿ ತಳಿಯ ಕುರಿಯು ದೂರ ನಡೆಯಬಲ್ಲದು. ಕುರುಚಲು ಹುಲ್ಲನ್ನೇ ಮೇದು ಬದುಕಬಲ್ಲದು. ಅದರ ಒರಟಾದ ಕರಿಯ ಉಣ್ಣೆಯಿಂದ ಕಂಬಳಿಯಾಗುತ್ತದೆ. ಸುಗ್ಗಿಯ ಅನಂತರ ರೈತರು ತಮ್ಮ ಹೊಲಗಳಲ್ಲಿ ಕುರಿಗಳನ್ನು ರಾತ್ರಿ ನಿಲ್ಲಿಸಿಕೊಂಡು, ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುವರು; ಆ ಹಿಕ್ಕೆಯೇ ನೆಲಕ್ಕೆ ಸಾರ. ಮರಿಗಳ ಮಾರಾಟದಿಂದ ಕೈಗೆ ಹಣ ಬರುತ್ತದೆ. ಆದರೆ ಇವೆಲ್ಲಕ್ಕೂ ಮೂಲವಾದ ಒಂದು ವಸ್ತುವನ್ನು ನಾವು ಮರೆಯುತ್ತೇವೆ. ಅದು ತಾಯಿಕುರಿಯ ಹಾಲು.

ಕುರಿಯ ಹಾಲು ಬಹಳ ಗಟ್ಟಿ. ಹಸುವಿನ ಹಾಲಿನಲ್ಲಿ ಕೊಬ್ಬಿನ ಅಂಶ ಸುಮಾರು ಶೇಕಡ 4 ಇದ್ದರೆ ಕುರಿಯ ಹಾಲಿನಲ್ಲಿ ಸುಮಾರು 7 ಇರುತ್ತದೆ; ಸಸಾರಜನಕವೂ ಹೆಚ್ಚು. ಫ್ರಾನ್ಸ್ ದೇಶದ ದಕ್ಷಿಣ ಭಾಗದ ಸುಣ್ಣಕಲ್ಲಿನ ಬರಡು ಪ್ರಸ್ಥಭೂಮಿಯಲ್ಲಿ ಲಕೋನ್ ಎಂಬ ಕುರಿಗಳ ಹಾಲಿನಿಂದ ರೋಕ್‌ಫೋರ್ ಎಂಬ ಪ್ರಸಿದ್ಧ ಚೀಸ್ ತಯಾರಾಗುತ್ತದೆ. ಅಲ್ಲಿನ ರೈತರು ಒಂದೊಂದು ಕುರಿಯ ಹಾಲನ್ನೂ ಅಳೆದು ಬರೆದಿಟ್ಟರು. ಹೆಚ್ಚು ಹಾಲು ಕೊಡುವ ತಾಯಿಯ ಮಗನನ್ನೇ ಬೀಜದ ಟಗರನ್ನಾಗಿ ಆರಿಸಿದರು. ಹೀಗೆ ಕೆಲವು ದಶಕಗಳಲ್ಲಿ ಆ ತಳಿಯ ಹಾಲು ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಬರಡು ನೆಲವು ಬಡತನಕ್ಕೆ ನೆಪವಾಗಬೇಕಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಡೆಕ್ಕನಿ ಕುರಿಯು ಲಕೋನ್ ಅಲ್ಲ. ಅದರ ಹಾಲು ಒಂದು ಮರಿಯನ್ನು ಸಾಕುವಷ್ಟು ಮಾತ್ರ. ಮರಿ ಕುಡಿದು ಮಿಕ್ಕುದನ್ನು ಕುರಿಗಾಹಿಗಳು ಕರೆದು ಬಳಸುವುದುಂಟು. ಆದುದರಿಂದ ನಮ್ಮಲ್ಲಿ ಹಾಲನ್ನು ಹೆಚ್ಚಿಸುವುದೆಂದರೆ ಮೊದಲು ಮರಿಯನ್ನು ಉಳಿಸುವುದು. ಹತ್ತು ಮರಿಗಳಲ್ಲಿ ಎರಡು ಹಾಲಿಲ್ಲದೆ ಸತ್ತರೆ, ರೈತನ ಆ ವರ್ಷದ ಮರಿಗಳ ಆದಾಯದಲ್ಲಿ ಐದನೆಯ ಒಂದು ಪಾಲು ಹೋದಂತೆಯೇ ಸರಿ.

ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯು ಬಂಗಾಳದ ಸುಂದರಬನದ ಗರೋಲ್ ಎಂಬ ಪುಟ್ಟ ಕುರಿಯ ಅವಳಿ ಹೆರುವ ಗುಣವನ್ನು ಡೆಕ್ಕನಿ ಕುರಿಗೆ ತಂದು 'ನಾರಿ ಸುವರ್ಣ'ವೆಂಬ ತಳಿಯನ್ನು ಬೆಳೆಸಿದೆ. ಇದು ಹೆಮ್ಮೆಯ ಸಾಧನೆ. ಆದರೆ ಎರಡು ಮರಿಗಳಿಗೆ ಎರಡರಷ್ಟು ಹಾಲು ಬೇಕು. ತಾಯಿಗೆ ಮೇವಿಲ್ಲದ ಹಟ್ಟಿಯಲ್ಲಿ ಅವಳಿ ಮರಿಗಳು ಭಾಗ್ಯವಲ್ಲ, ಸಂಕಟ. ತಳಿಗಿಂತ ಮೊದಲು ಮೇವು ಸುಧಾರಿಸಬೇಕು.

ಕುರಿಯ ಗಬ್ಬದ ಕಾಲ ಸುಮಾರು ಐದು ತಿಂಗಳು. ಕೊನೆಯ ಆರು ವಾರಗಳಲ್ಲಿ ಮರಿಯು ಹೊಟ್ಟೆಯೊಳಗೆ ಭರದಿಂದ ಬೆಳೆಯುತ್ತದೆ, ಕೆಚ್ಚಲೂ ಸಿದ್ಧವಾಗುತ್ತದೆ. ಆಗ ಬಯಲಿನ ಮೇವಿನ ಜೊತೆಗೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಹುರುಳಿ ಹೊಟ್ಟು, ಸ್ವಲ್ಪ ಹಿಂಡಿ, ಉಪ್ಪು ಮತ್ತು ಶುದ್ಧವಾದ ನೀರು ದೊರೆಯಬೇಕು. ಹೊಲದ ಬದುವಿನಲ್ಲಿ ಚೊಗಚೆ, ಜಾಲಿ ಮೊದಲಾದ ಮರಗಳಿದ್ದರೆ ಬೇಸಗೆಯಲ್ಲಿ ಅವುಗಳ ಸೊಪ್ಪು, ಕಾಯಿಗಳೇ ಮೇವು.

ಈದ ಮರಿಗೆ ಮೊದಲ ಒಂದೆರಡು ಗಂಟೆಗಳಲ್ಲಿಯೇ ಗಿಣ್ಣದ ಹಾಲನ್ನು ಕುಡಿಸಬೇಕು. ಕಸ ಬೀಳುವವರೆಗೆ ಮರಿಯನ್ನು ಮೊಲೆಗೆ ಬಿಡಬಾರದೆಂಬ ನಂಬಿಕೆ ಕೆಲವೆಡೆ ಉಂಟು. ಇದು ತಪ್ಪು. ಮರಿಗೆ ರೋಗವನ್ನು ಎದುರಿಸುವ ಶಕ್ತಿ ಬರುವುದು ಆ ಹಾಲಿನಿಂದಲೇ.

ಒಂದೇ ಟಗರನ್ನು ಬಹುಕಾಲ ಇಟ್ಟುಕೊಂಡರೆ ಅದು ತನ್ನ ಮಕ್ಕಳೊಡನೆಯೇ ಕೂಡುತ್ತದೆ, ಪೀಳಿಗೆ ಕುಗ್ಗುತ್ತದೆ. ಎರಡು ವರ್ಷಗಳಿಗೊಮ್ಮೆ ಟಗರನ್ನು ಬದಲಿಸುವುದು ಲೇಸು. ಕರುಳುಬೇನೆ, ಪಿಪಿಆರ್, ನೀಲಿನಾಲಗೆ ಮೊದಲಾದ ರೋಗಗಳಿಗೆ ಪಶುವೈದ್ಯರಿಂದ ಸಕಾಲದಲ್ಲಿ ಲಸಿಕೆ ಹಾಕಿಸಬೇಕು. ಜಂತುಹುಳುವಿಗೆ ಔಷಧ ಕುಡಿಸಬೇಕು.

ಈ ಸೀಮೆಯಲ್ಲಿ ಬಿಳಿಜೋಳದ ಜಾಗಕ್ಕೆ ಈಗ ಗೋವಿನಜೋಳ ಬಂದಿದೆ. ಕೊಯ್ದ ಹೊಲದಲ್ಲಿ ಬಿದ್ದ ತೆನೆಗಳನ್ನು ಹಸಿದ ಕುರಿಗಳು ಮಿತಿಮೀರಿ ತಿಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಒಂದೆರಡು ದಿನಗಳಲ್ಲಿಯೇ ಸಾಯಬಹುದು. ಮೊದಲು ತೆನೆಗಳನ್ನು ಆಯ್ದು, ಕುರಿಗಳಿಗೆ ಒಣಮೇವು ತಿನ್ನಿಸಿ, ಆಮೇಲೆ ಹೊಲಕ್ಕೆ ಬಿಡುವುದು ಜಾಣತನ.

ಇವಾವುವೂ ಹೆಚ್ಚು ಖರ್ಚಿನ ಕೆಲಸಗಳಲ್ಲ. ಕಾಲವನ್ನು ಅರಿತು ಗಮನಿಸುವ ಕಣ್ಣು ಬೇಕು, ಬರೆದಿಡುವ ಕೈ ಬೇಕು. ಯಾವ ಕುರಿ ಎಂದು ಈದಿತು, ಎಷ್ಟು ಮರಿ ಹಾಕಿತು, ಯಾವ ಮರಿ ಚೆನ್ನಾಗಿ ಬೆಳೆಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ತಾಯಿಯ ಸಂತಾನವನ್ನು ಉಳಿಸಿಕೊಳ್ಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಕುರಿ ಕಾಯುವ ಹಿರಿಯರಿಗೆ ಅನುಭವವಿದೆ. ಶಾಲೆಗೆ ಹೋಗುವ ಮಕ್ಕಳಿಗೆ ಅಕ್ಷರವಿದೆ. ಇವೆರಡೂ ಒಂದೇ ಹಟ್ಟಿಯಲ್ಲಿ ಕೂಡಿದರೆ ಬರಗಾಲದಲ್ಲಿಯೂ ಬಡವನ ಮನೆಯ ದೀಪ ಆರಲಾರದು.