ನಿಮಗಿದು ಗೊತ್ತೇ? ಆಕಾಶಗಾಮಿಗಳು, ಮಾಂತ್ರಿಕರು, ನೆತ್ತರು ಬೇಡುವ ಭೂತಗಳು

ಲೋಕದಿಂದ ಲೋಕಕ್ಕೆ ಹಾರುವ ವೀರರು, ಮಂತ್ರಕ್ಕೆ ಮಣಿಯುವ ಶಕ್ತಿಗಳು, ರಕ್ತ ಹೀರುವ ಪಿಶಾಚಿಗಳು, ಕೊನೆಯ ಪುಟದಲ್ಲಿ ‘ಮುಂದಿನ ಭಾಗಕ್ಕೆ ಕಾಯಿರಿ’ ಎಂಬ ಸಾಲು. ಇಂಥ ಕಾಮಿಕ್ಸ್ ಕೈಗೆತ್ತಿಕೊಂಡ ಮಕ್ಕಳಿಗೆ ಇದೆಲ್ಲ ಹೊರದೇಶದ ಸರಕು ಅನ್ನಿಸುವುದು ಸಹಜ. ಆದರೆ ಆಕಾಶ, ಮಂತ್ರ, ನೆತ್ತರು ಮೂರನ್ನೂ ಒಂದೇ ಕಥೆಯಲ್ಲಿ ಹೆಣೆದ ಕವಿಯೊಬ್ಬ ಸಾವಿರ ವರ್ಷಗಳ ಹಿಂದೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಬಾಳಿದ್ದ. ರಾವೂರ, ವಾಡಿ, ಶಹಾಬಾದ, ಚಿಂಚೋಳಿಯ ಮಕ್ಕಳು ತಮ್ಮದೆಂದು ಹೇಳಿಕೊಳ್ಳಬಹುದಾದ ಆಸ್ತಿ ಇದು. ಒಂದೊಂದಾಗಿ ನೋಡೋಣ.

ಕಲ್ಲಿನ ಮೇಲೆ ಚಿತ್ರಕಥೆ

● ಚಿತ್ರ, ಅದರ ಜೊತೆಗೊಂದು ಸಾಲು ಬರಹ: ಕಾಮಿಕ್ಸ್‌ನ ಮೂಲ ಲಕ್ಷಣವೇ ಇದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯಲ್ಲಿ, ಸುಮಾರು 2000 ವರ್ಷಗಳ ಹಿಂದೆಯೇ ಶಿಲ್ಪಿಗಳು ಈ ಕೆಲಸ ಮಾಡಿದ್ದರು. ಅಲ್ಲಿನ ಬೌದ್ಧ ಮಹಾಸ್ತೂಪದ ಸುಣ್ಣಕಲ್ಲಿನ ಹಲಗೆಗಳ ಮೇಲೆ ಬುದ್ಧನ ಬದುಕು, ಜಾತಕ ಕಥೆಗಳು, ರಾಜರ ಚಿತ್ರಗಳಿವೆ. ಹಲವು ಚಿತ್ರಗಳಿಗೆ ಬ್ರಾಹ್ಮಿ ಲಿಪಿಯಲ್ಲಿ ಹೆಸರುಪಟ್ಟಿಯೂ ಉಂಟು.

● ಆ ಹಲಗೆಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿ. ರಾಜನೊಬ್ಬ ರಾಣಿಯ ಜೊತೆ ನಿಂತಿದ್ದಾನೆ. ಸುತ್ತ ಛತ್ರ, ಚಾಮರ ಹಿಡಿದ ಪರಿಚಾರಿಕೆಯರು. ಚಿತ್ರದ ಜೊತೆಗೇ ‘ರಾಯ ಅಸೋಕೋ’ ಎಂದು ಕೊರೆದಿದೆ. ಸಾಮ್ರಾಟ ಅಶೋಕನ ಚಿತ್ರ ಮತ್ತು ಹೆಸರು ಒಟ್ಟಿಗೆ ಸಿಕ್ಕ ಈ ಕಲ್ಲು ಇತಿಹಾಸಕಾರರಿಗೆ ದೊಡ್ಡ ನಿಧಿ. ಶಾತವಾಹನ ರಾಜರ ಚಿತ್ರಗಳೂ ಹೆಸರು ಸಮೇತ ಇಲ್ಲಿವೆ.

● ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಮಾಡು ಕುಸಿದಾಗ, ಕಾಳಿಯ ವಿಗ್ರಹ ನಿಂತಿದ್ದ ಕಲ್ಲೇ ಅಶೋಕನ ಶಾಸನ ಎಂಬುದು ಬೆಳಕಿಗೆ ಬಂತು. ರಕ್ತಬೀಜಾಸುರನ ನೆತ್ತರು ನೆಲಕ್ಕೆ ಬೀಳದಂತೆ ಹೀರಿದವಳು ಪುರಾಣದ ಕಾಳಿ; ಯುದ್ಧದ ನೆತ್ತರು ಕಂಡು ಮನ ಬದಲಿಸಿದ ರಾಜ ಅಶೋಕ. ಇಬ್ಬರೂ ಒಂದೇ ಗುಡಿಯಲ್ಲಿ ಶತಮಾನಗಳ ಕಾಲ ಜೊತೆಗಿದ್ದರು.

● ಚಂದ್ರಲಾಂಬೆಯ ಸ್ಥಳಪುರಾಣವೂ ಚಿತ್ರಕಥೆಗೆ ಹೇಳಿ ಮಾಡಿಸಿದ್ದು. ಪರಸ್ತ್ರೀಯನ್ನು ಸೆರೆಹಿಡಿದ ಸೇತುರಾಜನನ್ನು ಶಿಕ್ಷಿಸಲು ದೇವಿ ಸೈನ್ಯ ಕಳಿಸಲಿಲ್ಲ, ದುಂಬಿಗಳ ಹಿಂಡನ್ನೇ ಕಳಿಸಿದಳು ಎನ್ನುತ್ತದೆ ಕಥೆ.

ನೆತ್ತರಲ್ಲಿ ಬರೆದ ಆಕಾಶದ ಕಥೆ

● ಶಾತವಾಹನರ ಆಸ್ಥಾನದ ಗುಣಾಢ್ಯ ‘ಬೃಹತ್ಕಥೆ’ಯನ್ನು ಪೈಶಾಚಿ ಭಾಷೆಯಲ್ಲಿ ಬರೆದನಂತೆ. ಕಾಡಿನಲ್ಲಿ ಮಸಿ ಸಿಗದೆ ತನ್ನ ರಕ್ತದಲ್ಲೇ ಏಳು ಲಕ್ಷ ಶ್ಲೋಕ ಬರೆದ, ರಾಜ ಅದನ್ನು ತಿರಸ್ಕರಿಸಿದಾಗ ಪ್ರಾಣಿಪಕ್ಷಿಗಳಿಗೆ ಓದಿ ಹೇಳುತ್ತ ಒಂದೊಂದೇ ಹಾಳೆಯನ್ನು ಬೆಂಕಿಗೆ ಹಾಕಿದ, ಕೊನೆಗೆ ಒಂದು ಲಕ್ಷ ಶ್ಲೋಕ ಮಾತ್ರ ಉಳಿಯಿತು ಎಂಬುದು ಪ್ರಸಿದ್ಧ ಐತಿಹ್ಯ.

● ಉಳಿದ ಆ ಒಂದು ಲಕ್ಷದಲ್ಲಿ ಏನಿತ್ತು? ರಾಜಕುಮಾರ ನರವಾಹನದತ್ತ ಆಕಾಶದಲ್ಲಿ ಸಂಚರಿಸುವ ವಿದ್ಯಾಧರರ ಚಕ್ರವರ್ತಿಯಾದ ಕಥೆ! ಮೂಲ ಬೃಹತ್ಕಥೆ ಇಂದು ಲಭ್ಯವಿಲ್ಲ. 11ನೇ ಶತಮಾನದ ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಅದರ ಕಥೆಗಳು ಬದುಕಿವೆ.

● ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದವನು ಗಂಗರ ದೊರೆ ದುರ್ವಿನೀತ ಎಂದು ಶಾಸನ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದ ದುರ್ಗಸಿಂಹನೂ ತನ್ನ ಕನ್ನಡ ‘ಪಂಚತಂತ್ರ’ದ ಬೇರು ಗುಣಾಢ್ಯನ ಕಥೆಯಲ್ಲಿದೆ ಎನ್ನುತ್ತಾನೆ.

ಮಳಖೇಡದ ಆಕಾಶಗಾಮಿಗಳು

● ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಗುರು ಜಿನಸೇನ ಸಂಸ್ಕೃತದಲ್ಲಿ ‘ಆದಿಪುರಾಣ’ವನ್ನು ಆರಂಭಿಸಿ, ಮುಗಿಸುವ ಮೊದಲೇ ತೀರಿಕೊಂಡ. ಶಿಷ್ಯ ಗುಣಭದ್ರ ಅದನ್ನು ಪೂರ್ಣಗೊಳಿಸಿ, ಮುಂದಿನ ಭಾಗವಾಗಿ ‘ಉತ್ತರಪುರಾಣ’ವನ್ನೂ ಬರೆದ. ಎರಡೂ ಸೇರಿ ‘ಮಹಾಪುರಾಣ’. ಒಬ್ಬರು ಹಾಕಿದ ತಳಪಾಯದ ಮೇಲೆ ಇನ್ನೊಬ್ಬರು ಎರಡನೇ ಭಾಗ ಕಟ್ಟುವ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

● ಈ ಪುರಾಣಗಳ ವಿದ್ಯಾಧರರು ದೇವತೆಗಳಲ್ಲ, ಮನುಷ್ಯರೇ. ‘ವಿದ್ಯೆ’ಗಳನ್ನು ಸಾಧಿಸಿಕೊಂಡು ಆಕಾಶದಲ್ಲಿ ಹಾರುತ್ತಾರೆ, ರೂಪ ಬದಲಿಸುತ್ತಾರೆ, ವಿಮಾನದಲ್ಲಿ ಯುದ್ಧ ಮಾಡುತ್ತಾರೆ. ವಿಜಯಾರ್ಧ ಪರ್ವತದ ದಕ್ಷಿಣ ಸಾಲಿನಲ್ಲಿ 50, ಉತ್ತರ ಸಾಲಿನಲ್ಲಿ 60, ಒಟ್ಟು 110 ನಗರಗಳು ಇವರವು. ಒಂದು ಇಡೀ ಕಾಲ್ಪನಿಕ ಜಗತ್ತಿಗೆ ಭೂಪಟವನ್ನೇ ಬರೆದಿಟ್ಟಿದ್ದರು ನಮ್ಮ ಹಿರಿಯರು.

● ಕನ್ನಡದ ಆದಿಕವಿ ಪಂಪ ಕ್ರಿ.ಶ. 941ರಲ್ಲಿ ‘ಆದಿಪುರಾಣ’ವನ್ನು ಕನ್ನಡಕ್ಕೆ ತಂದ. ಅದರ ನಾಯಕ ಒಂದು ಜನ್ಮದಲ್ಲಿ ವಿದ್ಯಾಧರ ಚಕ್ರವರ್ತಿ ಮಹಾಬಲ, ಮುಂದಿನ ಜನ್ಮದಲ್ಲಿ ದೇವಲೋಕದ ಲಲಿತಾಂಗ, ಆಮೇಲೆ ಭೂಮಿಯ ವಜ್ರಜಂಘ. ಪ್ರತಿ ಜನ್ಮವೂ ಹಿಂದಿನದರ ಮುಂದುವರಿದ ಭಾಗ. ಪ್ರೀತಿಸಿದ ಜೀವಗಳು ಲೋಕ ದಾಟಿ ಮತ್ತೆ ಭೇಟಿಯಾಗುತ್ತವೆ.

● ಜೈನ ರಾಮಾಯಣಗಳಲ್ಲಿ ರಾವಣನೂ ವಿದ್ಯಾಧರನೇ. ಹತ್ತು ತಲೆಯ ನರಭಕ್ಷಕನಲ್ಲ, ಹಲವು ವಿದ್ಯೆಗಳನ್ನು ಗೆದ್ದ ವೀರ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ ಓದಿದವರಿಗೆ ಅವನ ಪತನ ಕಂಡು ಮರುಕ ಹುಟ್ಟುತ್ತದೆ. ಖಳನನ್ನು ಮನುಷ್ಯನನ್ನಾಗಿ ನೋಡುವ ಪಾಠವನ್ನು ಕನ್ನಡ ಬಹಳ ಹಿಂದೆಯೇ ಕಲಿತಿತ್ತು.

● ಇನ್ನು ಆಕಾಶ, ಮಂತ್ರ, ನೆತ್ತರು ಮೂರೂ ಕೂಡಿದ ಆ ಕಥೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದಲ್ಲಿ ಮಾನ್ಯಖೇಟದಲ್ಲಿ ನೆಲೆಸಿದ್ದ ಪುಷ್ಪದಂತ ಅಪಭ್ರಂಶ ಭಾಷೆಯಲ್ಲಿ ‘ಜಸಹರಚರಿಉ’ ಬರೆದ. ಅದರಲ್ಲಿ ಭೈರವಾನಂದನೆಂಬ ಮಾಂತ್ರಿಕ ರಾಜ ಮಾರಿದತ್ತನಿಗೆ ಆಕಾಶದಲ್ಲಿ ಹಾರುವ ಶಕ್ತಿಯ ಆಸೆ ತೋರಿಸುತ್ತಾನೆ. ಅದಕ್ಕೆ ಬೆಲೆ ಏನು? ಚಂಡಮಾರಿ ದೇವಿಗೆ ಎಲ್ಲ ಜೀವಿಗಳ ಜೋಡಿ ಜೋಡಿ ಬಲಿ. ಮನುಷ್ಯರ ಜೋಡಿಯೂ ಬೇಕು! ಬಲಿಗೆಂದು ಹಿಡಿದು ತಂದ ಅಣ್ಣತಂಗಿ, ಕತ್ತಿಯ ಎದುರು ನಿಂತು ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಟ್ಟಿದ್ದಕ್ಕೇ ಜನ್ಮಜನ್ಮಾಂತರ ಪ್ರಾಣಿಗಳಾಗಿ ನರಳಿದ ಕಥೆ ಅದು. ಕೇಳಿದ ರಾಜನ ಕೈಯಿಂದ ಬಲಿಯ ಕತ್ತಿ ಜಾರುತ್ತದೆ.

● ಇದೇ ಕಥೆಯನ್ನು ಜನ್ನ 1209ರಲ್ಲಿ ಕನ್ನಡದಲ್ಲಿ ‘ಯಶೋಧರ ಚರಿತೆ’ಯಾಗಿ ಬರೆದ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೂ ಇದೇ ಮೂಲ.

● ಕ್ರಿ.ಶ. 972ರಲ್ಲಿ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ನೆಲೆ ತಪ್ಪಿದ ಪುಷ್ಪದಂತನ ನೋವು ಅವನ ಪದ್ಯವೊಂದರಲ್ಲಿ ಉಳಿದಿದೆ.

ಬೇತಾಳನ ಲೋಕಸಂಚಾರ

● ‘ಛಲ ಬಿಡದ ತ್ರಿವಿಕ್ರಮ’ ಯಾರು? ಕಥಾಸರಿತ್ಸಾಗರದಲ್ಲಿ ಬೇತಾಳನನ್ನು ಹೆಗಲ ಮೇಲೆ ಹೊತ್ತ ರಾಜನ ಹೆಸರು ತ್ರಿವಿಕ್ರಮಸೇನ. ಅವನನ್ನು ಸ್ಮಶಾನಕ್ಕೆ ಕಳಿಸಿದ ಕಪಟ ಸನ್ಯಾಸಿಯ ಗುರಿ ವಿದ್ಯಾಧರರ ಒಡೆತನ! 23 ಪ್ರಶ್ನೆಗಳಿಗೆ ಉತ್ತರಿಸಿದ ರಾಜ 24ನೆಯದಕ್ಕೆ ಮೌನ ತಾಳಿದ. ಮೆಚ್ಚಿದ ಬೇತಾಳ ಸನ್ಯಾಸಿಯ ಸಂಚನ್ನು ಬಯಲು ಮಾಡಿದ.

● ರಿಚರ್ಡ್ ಬರ್ಟನ್ 1870ರಲ್ಲಿ ಈ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಹೊರಬಂದದ್ದು 1897ರಲ್ಲಿ, ಅಂದರೆ 27 ವರ್ಷಗಳ ನಂತರ.

● 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಮೂಲದ ಕಥೆಗಳು ಮುಗಿದರೂ ಅದರ ಬೇತಾಳ ಸುಮ್ಮನಾಗಲಿಲ್ಲ, ಹೊಸ ಹೊಸ ಕಥೆಗಳನ್ನು ದಶಕಗಳ ಕಾಲ ಹೇಳುತ್ತಲೇ ಹೋದ. ಹಿರಿದ ಕತ್ತಿ, ಹೆಗಲ ಮೇಲೆ ಶವ, ಸುತ್ತ ತಲೆಬುರುಡೆಗಳು: ಕಲಾವಿದ ಶಂಕರ್ ಬರೆದ ಆ ಚಿತ್ರ ಮೂರು ತಲೆಮಾರಿನ ಕಣ್ಣಲ್ಲಿದೆ. ಚಂದಮಾಮದ ಮುಖಪುಟಗಳನ್ನು ಬೆಳಗಿಸಿದ ಎಂ.ಟಿ.ವಿ. ಆಚಾರ್ಯ ನಮ್ಮ ಕನ್ನಡದ ಕಲಾವಿದರು.

● ‘ನಾಳೆ ಬಾ’ ಎಂದು ಮನೆ ಬಾಗಿಲ ಮೇಲೆ ಬರೆದು ದೆವ್ವವನ್ನು ದಿನವೂ ವಾಪಸ್ ಕಳಿಸುವ ಉಪಾಯ ಕರ್ನಾಟಕದ್ದು. 1990ರ ದಶಕದಲ್ಲಿ ಮನೆಮಾತಾಗಿದ್ದ ಈ ಸುದ್ದಿಯ ಎಳೆ 2018ರ ಹಿಂದಿ ಚಿತ್ರ ‘ಸ್ತ್ರೀ’ಯಲ್ಲೂ ಬಂತು.

ಕಾಮಿಕ್ಸ್ ಮತ್ತು ಕನ್ನಡಿಗರು

● ‘ಅಮರ ಚಿತ್ರ ಕಥೆ’ಯ ರೂವಾರಿ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ಮಾಲಿಕೆಯ ‘ಕೃಷ್ಣ’ ಪುಸ್ತಕಕ್ಕೆ 11ನೇ ಸಂಖ್ಯೆ ಏಕೆ ಗೊತ್ತೇ? ಮೊದಲ ಹತ್ತು ಸಂಖ್ಯೆಗಳು ಸಿಂಡರೆಲ್ಲಾದಂಥ ಪಾಶ್ಚಾತ್ಯ ಕಥೆಗಳಿಗೆ ಸೇರಿದ್ದವು. 1965ರ ಸುಮಾರಿಗೆ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಅವು ಕನ್ನಡದಲ್ಲಿ ಬಂದಿದ್ದವು.

● 1964ರಲ್ಲಿ ಆರಂಭವಾದ ‘ಇಂದ್ರಜಾಲ ಕಾಮಿಕ್ಸ್’ ಮಾಂತ್ರಿಕ ಮ್ಯಾಂಡ್ರೇಕ್, ಕಾಡಿನ ಫ್ಯಾಂಟಮ್, ಬಾಹ್ಯಾಕಾಶದ ಫ್ಲ್ಯಾಶ್ ಗಾರ್ಡನ್ ಮೂವರನ್ನೂ ಒಂದೇ ಮಾಲಿಕೆಯಲ್ಲಿ ಮನೆಮನೆಗೆ ತಂದಿತು.

● ‘ಬಾಲಮಂಗಳ’ದ ಡಿಂಗನನ್ನು ನೆನಪಿಸಿಕೊಳ್ಳಿ. ಕಾಡಿನ ಈ ಪುಟ್ಟ ಇಲಿಗೆ ಅಷ್ಟು ಶಕ್ತಿ ಬಂದದ್ದು ಅನ್ಯಗ್ರಹದವರು ಎತ್ತಿಕೊಂಡು ಹೋಗಿ ನಡೆಸಿದ ಪ್ರಯೋಗದಿಂದ!

● ಕನ್ನಡ ವೈಜ್ಞಾನಿಕ ಕಾದಂಬರಿಯ ಹಿರಿಯ ಹೆಸರು ರಾಜಶೇಖರ ಭೂಸನೂರಮಠ. ‘ಮನ್ವಂತರ’, ‘ಆಪರೇಷನ್ ಯು.ಎಫ್.ಓ.’ ಬರೆದ ಇವರು ಬಾಹ್ಯಾಕಾಶವನ್ನು ನಮ್ಮ ದರ್ಶನಗಳ ಜೊತೆ ಕೂಡಿಸಿ ನೋಡಿದವರು.

● ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡದಲ್ಲೂ ಮನೆಮಾತು. ಮಾಟಮಂತ್ರ ಮತ್ತು ವಿಜ್ಞಾನವನ್ನು ಎದುರುಬದುರು ನಿಲ್ಲಿಸಿದ ಆ ಕಾದಂಬರಿಗೆ ‘ತುಳಸಿ’ ಎಂಬ ಮುಂದಿನ ಭಾಗವೂ ಬಂತು. ‘ಕಾಷ್ಮೋರ’ ಎಂಬ ಕ್ಷುದ್ರಶಕ್ತಿ ಈ ಕಾದಂಬರಿಗಳದ್ದೇ ಕೊಡುಗೆ.

ಬೆಂಗಳೂರಿನಿಂದ ಹೊರಲೋಕಕ್ಕೆ

● 2006ರಲ್ಲಿ ಆರಂಭವಾದ ವರ್ಜಿನ್ ಕಾಮಿಕ್ಸ್‌ನ ಚಿತ್ರಶಾಲೆ ಇದ್ದದ್ದು ಬೆಂಗಳೂರಿನಲ್ಲಿ. ಅದರ ‘ರಾಮಾಯಣ್ 3392 ಎ.ಡಿ.’ ರಾಮಕಥೆಯನ್ನು ಮಹಾಯುದ್ಧದ ನಂತರದ ಭವಿಷ್ಯಕ್ಕೆ ಒಯ್ದಿತು. ಮನುಷ್ಯರ ಕೊನೆಯ ನೆಲೆ ಒಂದು ಕಡೆ, ರಾವಣನ ನಾರ್ಕ್ ಖಂಡ ಇನ್ನೊಂದು ಕಡೆ. ಬರೆದವರು ಶಮೀಕ್ ದಾಸಗುಪ್ತಾ, ಚಿತ್ರ ಅಭಿಷೇಕ್ ಸಿಂಗ್ ಅವರದು. 2007ರಲ್ಲಿ ‘ರೀಲೋಡೆಡ್’ ಹೆಸರಿನಲ್ಲಿ ಮುಂದಿನ ಸರಣಿ ಬಂತು. ಸಂಸ್ಥೆ 2008ರಲ್ಲಿ ಕೈ ಬದಲಿಸಿ ‘ಲಿಕ್ವಿಡ್ ಕಾಮಿಕ್ಸ್’ ಆಯಿತು.

● ಜೀವನ್ ಕಾಂಗ್ ಚಿತ್ರಿಸಿದ ಭಾರತೀಯ ಸ್ಪೈಡರ್‌ಮ್ಯಾನ್ 2004ರಲ್ಲಿ ಬಂದ. ಅಮೆರಿಕದ ಹುಡುಗನಿಗೆ ಶಕ್ತಿ ಬಂದದ್ದು ವಿಕಿರಣದ ಜೇಡದಿಂದ. ನಮ್ಮ ಪವಿತ್ರ್ ಪ್ರಭಾಕರನಿಗೆ ಯೋಗಿಯೊಬ್ಬನ ವರದಿಂದ. ಅವನ ಎದುರಾಳಿಗಳು ತಾಯಿತದ ಬಲದಿಂದ ರಾಕ್ಷಸರಾದವರು. ಕೆಂಪು ನೀಲಿ ಅಂಗಿಯ ಕೆಳಗೆ ಬಿಳಿ ಧೋತಿ! 2023ರ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಚಿತ್ರದಿಂದ ಅವನು ಲೋಕಕ್ಕೆಲ್ಲ ಪರಿಚಿತ.

● ಬಾಹ್ಯಾಕಾಶ ಮತ್ತು ರಕ್ತಪಿಶಾಚಿಯನ್ನು ಕೂಡಿಸಿದ ಅಮೆರಿಕದ ಹೆಸರಾಂತ ಕಾಮಿಕ್ಸ್ ‘ವ್ಯಾಂಪಿರೆಲ್ಲಾ’ ಶುರುವಾದದ್ದು 1969ರಲ್ಲಿ. ನಾಯಕಿ ಡ್ರಾಕುಲಾನ್ ಎಂಬ ಗ್ರಹದವಳು, ಅಲ್ಲಿನ ನದಿಗಳಲ್ಲಿ ಹರಿಯುವುದು ರಕ್ತ. ಮುಂದಿನ ಸರಣಿಗಳಲ್ಲಿ ಅವಳ ಹುಟ್ಟಿನ ಕಥೆ ಗ್ರಹದಿಂದ ಪಾತಾಳಕ್ಕೆ, ವಿಜ್ಞಾನದಿಂದ ಮಾಂತ್ರಿಕತೆಗೆ ಹೊರಳಿತು.

● ನಿಜವಾಗಿ ರಕ್ತ ಕುಡಿಯುವ ಬಾವಲಿಗಳು ಜಗತ್ತಿನಲ್ಲಿ ಮೂರೇ ಜಾತಿ, ಮೂರೂ ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಹಳೆಯ ಗುಡಿ, ಕೋಟೆಗಳಲ್ಲಿ ನೇತಾಡುವ ‘ಹುಸಿ ವ್ಯಾಂಪೈರ್’ ಬಾವಲಿ ತಿನ್ನುವುದು ಹುಳು, ಹಲ್ಲಿ, ಕಪ್ಪೆ, ಇಲಿಗಳನ್ನು. ರೈತರಿಗೆ ಉಪಕಾರಿಯಾದ ಅದನ್ನು ಹೆದರಿ ಓಡಿಸಬೇಡಿ.

ಓದುಗರಲ್ಲಿ ಒಂದು ಮಾತು

ಬೆಂಗಳೂರಿನ ಕುಂಚಗಳು ರಾಮನನ್ನು 34ನೇ ಶತಮಾನಕ್ಕೆ ಒಯ್ದವು, ಸ್ಪೈಡರ್‌ಮ್ಯಾನ್‌ಗೆ ಧೋತಿ ಉಡಿಸಿದವು. ಹಾಗಿದ್ದ ಮೇಲೆ ಮಾರಿದತ್ತನ ಕಥೆ, ವಿದ್ಯಾಧರರ 110 ನಗರಗಳು, ಸನ್ನತಿಯ ದುಂಬಿಸೇನೆ ಚಿತ್ರಕಥೆಯಾಗಬಾರದೇಕೆ? ಇವೆಲ್ಲವೂ ನಮ್ಮ ತಾಲ್ಲೂಕುಗಳ ಕಥೆಗಳೇ. ಶಿಕ್ಷಕರೇ, ಈ ಸಲದ ಶಾಲಾ ಪ್ರವಾಸಕ್ಕೆ ಕನಗನಹಳ್ಳಿಯನ್ನೂ ಮಳಖೇಡದ ಕೋಟೆಯನ್ನೂ ಸೇರಿಸಿ. ಹೆತ್ತವರೇ, ಮಕ್ಕಳ ಕೈಗೆ ಒಂದು ಬಿಳಿ ಹಾಳೆಯ ಪುಸ್ತಕ, ಒಂದು ಪೆನ್ಸಿಲ್ ಕೊಡಿ. ಜಿನಸೇನ ಬಿಟ್ಟುಹೋದದ್ದನ್ನು ಗುಣಭದ್ರ ಮುಗಿಸಿದ; ಪುಷ್ಪದಂತ ಹೇಳಿದ್ದನ್ನು ರಾವೂರಿನ ಮಕ್ಕಳು ಚಿತ್ರದಲ್ಲಿ ಮುಂದುವರಿಸಲಿ.